ಅನುವಾದಕ ಬಿಟ್ಟ ಸಾಲು

ಅಲೆಕ್ಸಾಂಡ್ರಿಯಾದ ಆ ಕಚೇರಿಯಲ್ಲಿ ನರ್ಮೀನ್ ಮತ್ತು ಇವಾಂಥಿಯಾ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಆತ್ಮದ ಬಗ್ಗೆ ಹಳೆಯ ಗ್ರೀಕ್ ತತ್ತ್ವಜ್ಞಾನಿಯೊಬ್ಬ ಬರೆದದ್ದನ್ನೂ ಸಾವಿರ ವರ್ಷ ಹಿಂದಿನ ಅದರ ಅರಬ್ಬಿ ಅನುವಾದವನ್ನೂ ಕಂಪ್ಯೂಟರಿನಲ್ಲಿ ಸಾಲಿಗೆ ಸಾಲು ಜೋಡಿಸಿ, ಯಾರು ಬೇಕಾದರೂ ಓದುವಂತೆ ಮಾಡುವುದು ಅವರ ಕೆಲಸ. ಗ್ರೀಕ್ ಇವಾಂಥಿಯಾಳದು. ಆ ಊರಲ್ಲೇ ಹುಟ್ಟಿ ಬೆಳೆದ ಗ್ರೀಕರವಳು, ನರ್ಮೀನಳ ತಾಯಿಯ ವಯಸ್ಸಿನವಳು, ಅರಬ್ಬಿಯನ್ನೂ ಅರೆದು ಕುಡಿದಿದ್ದಳು. ಅರಬ್ಬಿ ನರ್ಮೀನಳದು. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಹೆಗಲ ಮೇಲಿನ ಹಾಲಿನ ಕಲೆ ಒರೆಸಿಕೊಳ್ಳುತ್ತಲೇ ಟ್ರಾಮ್ ಹತ್ತಿ ಬರುವವಳು. ಇಬ್ಬರಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ.

ಪ್ರತಿ ಗ್ರೀಕ್ ಸಾಲಿಗೂ ಅರಬ್ಬಿ ಜೋಡಿ ಸಿಕ್ಕರೆ ಮಾತ್ರ ಪುಟಕ್ಕೆ ಹಸಿರು ಗುರುತು. ಒಂದು ಸಾಲು ಖಾಲಿ ಇದ್ದರೂ ಕೆಂಪು. ಆ ಪುಟ ಹೊರಗೆ ಹೋಗುವಂತಿಲ್ಲ.

ಪ್ರಕಟಣೆಯ ಹಿಂದಿನ ದಿನ ನರ್ಮೀನ್ ಅರಬ್ಬಿ ಹಸ್ತಪ್ರತಿಯ ಫೋಟೋ ತೆರೆದು ತಾಳೆ ನೋಡುತ್ತಿದ್ದಳು. ದೇವತೆಗಳ ಬಗೆಗಿನ ಒಂದು ಸಾಲು ಪರದೆಯಲ್ಲಿದೆ, ಹಸ್ತಪ್ರತಿಯಲ್ಲಿಲ್ಲ. ಹಳೆಯ ಅನುವಾದಕ ಅದನ್ನು ಬಿಟ್ಟು ಮುಂದೆ ಹೋಗಿದ್ದ. ಪರದೆಯಲ್ಲಿ ಮಾತ್ರ ಸೊಗಸಾದ ಹಳೆಗಾಲದ ಅರಬ್ಬಿ. ಮಗುವಿಗೆ ಜ್ವರವಿದ್ದ ವಾರ, ಫೋಟೋ ತೆರೆಯದೆಯೇ ಅವಳು ಓದಿ ಒಪ್ಪಿದ್ದ ಸಾಲು ಅದು.

ತಿರುಗಿ ಕೇಳಿದಳು. ಇವಾಂಥಿಯಾ ಮುಚ್ಚಿಡಲಿಲ್ಲ. ಬರೆದದ್ದು ತಾನೇ, ಜೋಡಿಯಿಲ್ಲದೆ ತನ್ನ ಗ್ರೀಕ್ ಎಷ್ಟು ದಿನ ಕೆಂಪಾಗಿ ಕೊಳೆಯಬೇಕು, ಅರ್ಥ ಸರಿಯಾಗಿಯೇ ಇದೆಯಲ್ಲ ಎಂದಳು.

"ಸತ್ತವನ ಬಾಯಿಗೆ ನಿಮ್ಮ ಮಾತು ತುರುಕಿದ್ದೀರಲ್ಲ ಮೇಡಂ. ಅವನು ಯಾಕೆ ಬಿಟ್ಟ ಅಂತ ಕೇಳೋಕೆ, ಬಿಟ್ಟಿದ್ದಾನೆ ಅನ್ನೋದೇ ಯಾರಿಗೂ ಗೊತ್ತಾಗಲ್ಲ."

"ಚೆನ್ನಾಗಿದೆ ಅಂತ ಒಪ್ಪಿದವಳು ನೀನೇ ತಾನೇ? ಅವನಿಗಿಂತ ನಾನೇ ವಾಸಿ ಕಣಮ್ಮ."

"ಇನ್ನೆಷ್ಟು ಕಡೆ ತುಂಬಿದ್ದೀರಿ?"

"ಹುಡುಕ್ಕೋ. ಓದೋಕೆ ಬರುತ್ತಲ್ಲ."

ಆ ಒಂದು ಸಾಲು ಅಳಿಸಿದರೆ ಮುಗಿಯುವಂತಿರಲಿಲ್ಲ. ಉಳಿದದ್ದರಲ್ಲಿ ಅವನದು ಯಾವುದು, ಇವಳದು ಯಾವುದು? ನರ್ಮೀನ್ ಮುಖ್ಯಸ್ಥರಿಗೆ ಫೋನ್ ಮಾಡಿ, ಇಡೀ ಅರಬ್ಬಿ ಭಾಗವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು. ಅವರು ರೇಗಿದರು. ಹಾಗಾದರೆ ಜೋಡಿಯ ನಿಯಮ ಬಿಟ್ಟು ಗ್ರೀಕ್ ಒಂದೇ ಬರುತ್ತದೆ, ನಿನ್ನ ಹೆಸರು ಎಲ್ಲೂ ಇರುವುದಿಲ್ಲ ಎಂದರು. ಆಗಲಿ ಎಂದಳು.

ಮರುದಿನ ಗ್ರೀಕ್ ಒಂಟಿಯಾಗಿ ಪ್ರಕಟವಾಯಿತು. ಇವಾಂಥಿಯಾ ಎಲ್ಲರ ಮೇಜಿಗೂ ಬಸ್ಬೂಸಾ ಸಿಹಿ ಹಂಚಿದಳು, ಬೆನ್ನ ಹಿಂದಿನ ಮೇಜೊಂದನ್ನು ಬಿಟ್ಟು. ನರ್ಮೀನ್ ಹಸ್ತಪ್ರತಿಯ ಮೊದಲ ಫೋಟೋ ತೆರೆದು, ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹಸ್ತಪ್ರತಿಯಲ್ಲಿಲ್ಲದ ಅಂಥದೇ ಇನ್ನೊಂದು ಸಾಲು ಸಿಕ್ಕಿತು. ಅದೂ ಸೊಗಸಾಗಿಯೇ ಇತ್ತು. ಅಳಿಸಿದಳು.