ಮೇರಿಯಮ್ಮನ ಗುಡಿಗೆ ಒಂದು ಸುತ್ತು

ನಾನಿರೋ ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟ್‌ನಲ್ಲಿ ಗುಡ್ಡ ಅನ್ನೋದೇ ಇಲ್ಲ. ವಿಸಿಟರ್ ವೀಸಾದಲ್ಲಿ ಮೈಸೂರಿಂದ ಬಂದ ಅಮ್ಮನಿಗೆ ಕಾಲುವೆ ಪಕ್ಕದ ಅದೇ ಸಪಾಟು ರಸ್ತೆ ಬೇಜಾರಾಗಿ, "ಚಾಮುಂಡಿ ಬೆಟ್ಟದಷ್ಟಾದರೂ ಎತ್ತರ ಇರೋ ಜಾಗ ತೋರಿಸೇ" ಅಂತ ಪ್ರಾಣ ತಿಂದಳು. ಅದಕ್ಕೇ ರೈಲು ಹತ್ತಿಸಿಕೊಂಡು ಆಲ್ಪ್ಸ್‌ನ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ನಾವಿಬ್ಬರೇ.

ಹಳ್ಳಿಯಿಂದ ಹೊರಡುವ ಕಾಲುದಾರಿಗಳಿಗೆಲ್ಲ ಹಳದಿ ಬೋರ್ಡು. ನಾವು ಹಿಡಿದದ್ದು ತೀರಾ ಸುಲಭದ್ದು: ಹುಲ್ಲುಗಾವಲು, ಕೊರಳಿಗೆ ಗಂಟೆ ಕಟ್ಟಿದ ಹಸುಗಳು, ಆಮೇಲೆ ಪೈನ್ ಮರಗಳ ನೆರಳು. ಅಮ್ಮ ಕಂಡ ಹಸುವಿಗೆಲ್ಲ ಕೈಮುಗಿದು, ಕಂಡ ಬೆಂಚಿನ ಮೇಲೆಲ್ಲ ಕೂತು, "ಕಣ್ಣಿಗೆ ಹಬ್ಬ ಕಣೇ" ಅನ್ನುತ್ತಾ ನಡೆದಳು. ಮುಂದೆ ಒಂದು ಬಂಡೆಗುಡ್ಡ, ಅದಕ್ಕೆ ಬೆನ್ನು ಕೊಟ್ಟು ನಿಂತ ಮೇರಿಯಮ್ಮನ ಪುಟ್ಟ ಗುಡಿ. ನಾನು ಸ್ವಲ್ಪ ಮೇಲಿದ್ದ ನಲ್ಲಿಯಲ್ಲಿ ಬಾಟಲಿಗೆ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಅಮ್ಮ ಇಲ್ಲ. ಬಾಗಿಲಲ್ಲಿ ಅವಳ ಶೂ ಮಾತ್ರ ಇದ್ದವು.

ಒಳಗೆ ನೋಡಿದೆ, ಇಲ್ಲ. ಪಕ್ಕದಲ್ಲೇ ಕಡಿದಾದ ಇಳಿಜಾರು, ಕೆಳಗೆ ಹೊಳೆಯ ಸದ್ದು. "ಅಮ್ಮಾ!" ಅಂತ ಕೂಗಿದೆ. ಉತ್ತರವಿಲ್ಲ. ಅವಳ ಫೋನು ನನ್ನ ಬ್ಯಾಗಿನಲ್ಲೇ ಇತ್ತು. ಮೋಡ ಬೇರೆ ಕೆಳಗಿಳಿದು ಮರಗಳನ್ನೆಲ್ಲ ನುಂಗುತ್ತಾ ಬಂತು. ಎದುರಾದ ಡಚ್ ದಂಪತಿಯನ್ನು ಅವರ ಭಾಷೆಯಲ್ಲೇ ಕೇಳಿದೆ, ಸೀರೆ ಮೇಲೆ ಸ್ವೆಟರ್ ಹಾಕಿದ ಹೆಂಗಸನ್ನ ನೋಡಿದಿರಾ ಅಂತ. ನೋಡಿಲ್ಲವಂತೆ. "ರುಸ್ಟಿಗ್, ರುಸ್ಟಿಗ್" ಅಂದರು. ಸಮಾಧಾನವಂತೆ, ಸಮಾಧಾನ! ಕಳೆದುಹೋಗಿರೋದು ಯಾರ ಅಮ್ಮ? ಇಳಿಜಾರಿನ ಅಂಚಿಗೆ ಹೋಗಿ ಇಣುಕಿದೆ, ಕೆಳದಾರಿಯಲ್ಲಿ ಓಡಿದೆ, ವಾಪಸ್ ಓಡಿಬಂದೆ, ಗಂಟಲು ಹರಿಯೋ ಹಾಗೆ ಕೂಗಿದೆ. ದೇವರು ದಿಂಡರು ಅಂದರೆ ಅಷ್ಟಕ್ಕಷ್ಟೇ ಇದ್ದ ನಾನು ಆ ಗುಡಿಯ ಬಾಗಿಲು ಹಿಡಿದು ಗೊಳೋ ಅಂತ ಅತ್ತೆ. ತಾಯಿ, ನಮ್ಮಮ್ಮನ್ನ ಕೊಟ್ಟುಬಿಡು, ನಂಗಿನ್ನೇನೂ ಬೇಡ.

ಆಗ ತಲೆಗೆ ಹೊಳೆಯಿತು. ಶೂ ಬಿಟ್ಟಿದ್ದಾಳೆ ಅಂದರೆ ಪ್ರದಕ್ಷಿಣೆ! ಗುಡಿಯ ಬೆನ್ನು ಬಂಡೆಗೆ ಅಂಟಿದೆ. ಸುತ್ತು ಹಾಕಬೇಕಾದರೆ ಇಡೀ ಗುಡ್ಡವನ್ನೇ ಸುತ್ತಬೇಕು. ಎಡಗಡೆಯ ಕಿರುದಾರಿ ಹಿಡಿದು ಓಡಿದೆ. ಗುಡ್ಡ ಬಳಸಿ, ಗುಡಿಯ ಚಾವಣಿ ಮತ್ತೆ ಕಾಣಿಸೋ ಕಡೆ, ಒಂದು ಕಲ್ಲಿನ ಮೇಲೆ ಕೂತಿದ್ದಳು ಮಹಾತಾಯಿ. ಅಂಗಾಲಲ್ಲಿ ರಕ್ತ.

"ನಾನು ಕೂಗಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು ಕಣೇ. ಬೇಡ್ಕೊಂಡು ಸುತ್ತುವಾಗ ಮಾತಾಡಬಾರದಲ್ವಾ, ಅದಕ್ಕೇ ಸುಮ್ಮನಿದ್ದೆ. ಈಗ ನೋಡು, ನೀನೇ ಮಾತಾಡಿಸಿಬಿಟ್ಟೆ."

ಮೈಯೆಲ್ಲ ಉರಿದುಹೋಯಿತು. "ಜೀವ ಬಾಯಿಗೆ ಬಂದಿತ್ತು ನಂಗೆ! ಅಂಥದ್ದೇನು ಬೇಡ್ಕೊಂಡೆ?"

ಅಮ್ಮ ಸೆರಗಿನಿಂದ ಅಂಗಾಲು ಒರೆಸಿಕೊಂಡಳು. "ಇನ್ನೇನು? ಕೈಕಾಲು ನೆಟ್ಟಗಿರುವಾಗಲೇ ಕರ್ಕೊಂಡುಬಿಡು ತಾಯಿ, ಮಗಳಿಗೆ ಹೊರೆ ಮಾಡಬೇಡ ಅಂತ." ಮೆಲ್ಲಗೆ ಎದ್ದು ನಿಂತಳು. "ಗುಡಿ ಇಲ್ಲೇ ಇದೆ. ಮುಗಿಸಿಬಿಡ್ತೀನಿ, ತಡಿ."

ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಬಿಡೇ, ಬಿಡೇ ಅಂತ ಕೊಸರಾಡಿದಳು. ನನ್ನ ಶೂ ಬಿಚ್ಚಿ ಅವಳ ಕಾಲಿಗೆ ತುರುಕಿ, ಕಾಲುಚೀಲದಲ್ಲೇ ನಡೆಯುತ್ತಾ, ಅವಳು ಬಂದಿದ್ದ ಅಷ್ಟೂ ದಾರಿಯನ್ನು ಹಿಂದಕ್ಕೆ ನಡೆಸಿಕೊಂಡು ಬಂದೆ. ಆ ಸುತ್ತು ಮಾತ್ರ ಪೂರ್ತಿಯಾಗೋಕೆ ಬಿಡಲಿಲ್ಲ.