ಕಂಬಿಯ ಮೇಲಿನ ಕೆಂಪು ಬಟ್ಟೆ

ಟೈಲರಮ್ಮನಿಗೆ ಎಪ್ಪತ್ತು ದಾಟಿದೆ. ಸೂಜಿಗೆ ದಾರ ಪೋಣಿಸಲು ಈಗಲೂ ಯಾರನ್ನೂ ಕರೆಯುವುದಿಲ್ಲ ಎಂಬ ಜಂಭ ಬೇರೆ. ಅವಳ ತಾಯಿ ಮುಪ್ಪನ್ನೆಲ್ಲ ಮಗನ ಮನೆಯ ಮೂಲೆಯ ಮಂಚದಲ್ಲಿ, ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ಕಳೆದಿದ್ದಳು. ತನಗೆ ಆ ಪಾಡು ಬೇಡವೆಂದು ಇವಳು ಹಟ ಮಾಡಿ ಒಂಟಿಯಾಗಿ ಬಾಡಿಗೆ ಮನೆ ಹಿಡಿದಳು. ಅದೇ ಕಟ್ಟಡದಲ್ಲಿ ಮಕ್ಕಳಿಗೆ ಸೆಡ್ಡು ಹೊಡೆದು ಬಂದವರು ಇನ್ನೂ ಇಬ್ಬರಿದ್ದರು: ಮೇಲಿನ ಮಹಡಿಯ ಡ್ರೈವರಣ್ಣ, ಪಕ್ಕದ ಮನೆಯ ನರ್ಸಕ್ಕ.

ಮೂವರ ನಡುವೆ ಒಂದು ಕಟ್ಟಳೆ. ಬೆಳಗ್ಗೆ ಎದ್ದ ಕೂಡಲೇ ಬಾಲ್ಕನಿಯ ಕಂಬಿಗೆ ಕೆಂಪು ಬಟ್ಟೆ ಹಾಕಬೇಕು, ಕತ್ತಲಾಗುತ್ತಲೇ ಒಳಗೆ ತೆಗೆದುಕೊಳ್ಳಬೇಕು. ಬಟ್ಟೆ ಕಂಡರೆ ಜೀವ ಗಟ್ಟಿಯಾಗಿದೆ ಎಂದರ್ಥ. ಕಾಣದಿದ್ದರೆ ಹೋಗಿ ಬಾಗಿಲು ಬಡಿಯಬೇಕು. ಬಟ್ಟೆಗಳನ್ನು ಹೊಲಿದವಳು ಟೈಲರಮ್ಮನೇ. ಈ ಏರ್ಪಾಟು ಕೇಳಿದ ಮೇಲೆಯೇ ಮಗಳು, "ಸರಿ, ಇರು. ಆದ್ರೆ ಒಂದ್ಸಲ ಎಡವಟ್ಟಾದ್ರೂ ನಮ್ಮನೆಗೆ ಬಂದ್ಬಿಡ್ಬೇಕು" ಎಂದು ಒಪ್ಪಿದ್ದು.

ಅವತ್ತು ಹಾಲು ತರಲು ಕೆಳಗಿಳಿದವಳು ಅಭ್ಯಾಸದಂತೆ ಕತ್ತೆತ್ತಿದಳು. ನರ್ಸಕ್ಕನ ಬಟ್ಟೆ ಇತ್ತು, ಡ್ರೈವರಣ್ಣನದೂ ಇತ್ತು. ತನ್ನದನ್ನು ನೋಡುವ ಗೋಜಿಗೆ ಯಾರು ಹೋಗುತ್ತಾರೆ? ಹೊರಡುವಷ್ಟರಲ್ಲಿ ಹಣೆಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ರಾತ್ರಿಯ ಮಳೆ ನಸುಕಿಗೂ ಮುಂಚೆಯೇ ನಿಂತಿತ್ತು. ತೊಟ್ಟಿಕ್ಕುತ್ತಿದ್ದುದು ಡ್ರೈವರಣ್ಣನ ಬಟ್ಟೆ. ಅಂದರೆ ಅದು ಬೆಳಗ್ಗೆ ಹಾಕಿದ್ದಲ್ಲ, ರಾತ್ರಿಯೆಲ್ಲ ಅಲ್ಲೇ ಇದ್ದದ್ದು!

ಮಂಡಿನೋವು ಮರೆತು ಮೆಟ್ಟಿಲು ಹತ್ತಿದಳು. ಬಾಗಿಲು ಬಡಿದಳು. ಸದ್ದಿಲ್ಲ. ಬಿದ್ದಿದ್ದಾನೋ, ಕೂಗಿ ಕೂಗಿ ಸುಸ್ತಾಗಿದ್ದಾನೋ? ಅವಳು ಮತ್ತೆ ದಬದಬ ಬಡಿಯುವ ಹೊತ್ತಿಗೆ, ಮುಖದ ತುಂಬ ಸೋಪಿನ ನೊರೆ ಮೆತ್ತಿಕೊಂಡ ಡ್ರೈವರಣ್ಣ ಬಾಗಿಲು ತೆರೆದ.

"ಏನಕ್ಕಾ, ಬಾಗಿಲು ಮುರಿದ್ಹಾಕ್ತೀಯಾ?"

"ರಾತ್ರಿ ಬಟ್ಟೆ ಯಾಕೆ ತೆಗೀಲಿಲ್ಲ?"

"ಮರೆತೆ. ಅದಕ್ಕೇನೀಗ?"

"ಅದಕ್ಕೇನಾ? ನೀನು ಹೋಗ್ಬಿಟ್ಟಿದ್ರೂ ಆ ಬಟ್ಟೆ, ಚೆನ್ನಾಗಿದಾನೆ ಅಂತಲೇ ಹೇಳ್ತಿತ್ತು!"

ನೊರೆಯೊಳಗಿನ ನಗು ಮಾಯವಾಯಿತು.

ಬೈದು ಹಗುರಾಗಿ ಅವಳು ತನ್ನ ಮನೆಗೆ ಇಳಿದು ಬಂದಳು. ಬಾಲ್ಕನಿಗೆ ಹೋಗಿ, ಯಾಕೋ ತನ್ನ ಬಟ್ಟೆಯನ್ನೂ ಮುಟ್ಟಿ ನೋಡಿದಳು. ಅದೂ ಒದ್ದೆಯಾಗಿತ್ತು. ನಿನ್ನೆ ಸಂಜೆ ತೆಗೆದಿಟ್ಟೆನಲ್ಲ, ಬೆಳಗ್ಗೆ ಹಾಕಿದೆನಲ್ಲ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಇದನ್ನು ನೋಡಿಯೇ ನರ್ಸಕ್ಕನೂ ನಿಶ್ಚಿಂತೆಯಿಂದ ಇದ್ದಿರಬೇಕು. ಟೈಲರಮ್ಮನಿಗೆ ನಿಜಕ್ಕೂ ಭಯವಾಯಿತು.

ಫೋನು ಬಡಿದುಕೊಂಡಿತು. ಮಗಳು.

"ಅಮ್ಮಾ, ಬಟ್ಟೆ ಹಾಕಿದ್ಯಾ?"

"ಹೂಂ" ಎಂದಳು ಟೈಲರಮ್ಮ, ಇನ್ನೊಂದು ಕೈಯಲ್ಲಿ ಬಟ್ಟೆಯ ನೀರು ಹಿಂಡುತ್ತ.