ಚಿತ್ರಕ್ಕನ ಹದಿನೈದು ಸಾವಿರ ಅಡಿ

“ಅಮ್ಮಾ, ಸೈಕಲ್ ಮೇಲೆ ಚಿತ್ರಾ ಆಂಟಿ ಕೂರ್ಬೇಕಲ್ವಾ? ಸೈಕಲ್ಲೇ ಯಾಕೆ ಅವರ ಮೇಲೆ ಕೂತಿದೆ?”

ಮಳೆ ಬಿಟ್ಟ ಸೆಪ್ಟೆಂಬರಿನ ಭಾನುವಾರ, ಕೋಟೆಬೆಟ್ಟದ ಜೀಪು ದಾರಿಯಲ್ಲಿ ನನ್ನ ಸೊಂಟವೇರಿ ಕೂತ ಮಗಳು ಕೇಳಿದಳು. ಮೇಲೆ ಕಲ್ಲುಗಳ ನಡುವೆ ಚಿತ್ರಕ್ಕ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹತ್ತುತ್ತಿದ್ದರು.

“ಏರು ಜಾಸ್ತಿಯಾದ್ರೆ ಹಾಗೇ. ಸ್ವಲ್ಪ ದೂರ ಅವರು ಅದನ್ನ ಹೊರ್ತಾರೆ, ಆಮೇಲೆ ಅದು ಅವರನ್ನ ಹೊರುತ್ತೆ.”

“ಮತ್ತೆ ನಾನು ನಿನ್ನ ಯಾವಾಗ ಹೊರ್ಬೇಕು?”

ಚಿತ್ರಕ್ಕ ನಮ್ಮ ಪಕ್ಕದ ಎಸ್ಟೇಟಿನ ರೈಟರು, ಹಾಜರಿ ಪುಸ್ತಕ ಅವರ ಕೈಯಲ್ಲಿ. ವಯಸ್ಸು ನಲವತ್ತೊಂದು. ಕೂಲಿಯವರ ಲೈನ್‌ಮನೆಗಳಿಂದ ತೋಟದ ಮೂಲೆಮೂಲೆಗೆ ಓಡಾಡಲು ತಂದ ಹಳೆಯ ಸೈಕಲ್ಲಿನಿಂದ ಹತ್ತಿದ ಹುಚ್ಚು ಇದು. ಈಗಿನದಕ್ಕೆ ದಪ್ಪ ಟೈರು, ಮುಂದೆ ಕುಲುಕು ತಡೆಯುವ ಶಾಕು. ಗುರುವಾರ ಅದನ್ನು ಬಿಚ್ಚಿ ಡಬ್ಬಕ್ಕೆ ತುಂಬಿಕೊಂಡು ಹಿಮಾಲಯದ ಸ್ಪಿತಿಗೆ ಹೊರಡುತ್ತಾರೆ, ಎರಡನೇ ಸಲ. ಹದಿನೈದು ಸಾವಿರ ಅಡಿ ಎತ್ತರದ ಘಾಟಿಯನ್ನು ಸೈಕಲ್ಲಿನಲ್ಲೇ ದಾಟಬೇಕು. ನಮ್ಮ ಕೋಟೆಬೆಟ್ಟ ಐದು ಸಾವಿರ ಚಿಲ್ಲರೆ, ಅಷ್ಟೇ.

ಅಷ್ಟರಲ್ಲಿ ಮೇಲಿನಿಂದ ಕೂಗು ಕೇಳಿಸಿತು. ಚಿತ್ರಕ್ಕ ಇಳಿದು ಬಂದೇಬಿಟ್ಟರು. ಸೀಟು ಬಿಟ್ಟೆದ್ದು, ಪೆಡಲ್ ಮೇಲೆ ನಿಂತು, ಮೊಣಕೈ ಅಗಲಿಸಿ, ಕೊರಕಲಿಂದ ಕೊರಕಲಿಗೆ ಹಾರುತ್ತ. ಜಲ್ಲಿ ಸಿಡಿಯಿತು. ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಅವರು ನಗುತ್ತಲೇ ಇದ್ದರು. ಮುಂದೆ ಬಂದು ನಿಂತಾಗ ಮುಖದ ತುಂಬ ಕೆಸರು, ಹಲ್ಲು ಮಾತ್ರ ಬಿಳಿ. ಮಗಳು ಕೆಳಗಿಳಿದು ಕುಣಿದಳು. ನನಗೂ ಕುಣಿಯಬೇಕೆನಿಸಿತು.

“ಇಳಿಯೋದು ಹಬ್ಬ ಕಣೆ ದಿವ್ಯಾ,” ಎಂದರು ನೀರು ಕುಡಿಯುತ್ತ. “ಸ್ಪಿತೀಲಿ ಹತ್ತೋದಿದ್ಯಲ್ಲ, ಹತ್ತು ಸಲ ತುಳಿದ್ರೆ ನೂರು ತುಳಿದಂಗೆ. ಗಾಳಿ ರೊಯ್ಯಂತ ಬೀಸ್ತಾನೇ ಇರುತ್ತೆ, ಉಸಿರಿಗೆ ಮಾತ್ರ ಸಿಗಲ್ಲ. ಆದ್ರೂ ಆ ಬೋಳು ಬೆಟ್ಟದಲ್ಲಿ ನನ್ನ ಎದೆ ಬಡಿತ ನಂಗೇ ಕೇಳುತ್ತೆ ನೋಡು, ಅದಕ್ಕೇ ಜೀವ ಎಳೆಯುತ್ತೆ.”

“ಹೋದ ವರ್ಷ ಜೀಪಲ್ಲಿ ಇಳಿದೋರು ಯಾರೋ?” ಕಾಲೆಳೆದೆ.

ಚಿತ್ರಕ್ಕ ನಗಲಿಲ್ಲ. ಹೋದ ವರ್ಷ ಎತ್ತರಕ್ಕೆ ಬಂದ ತಲೆನೋವನ್ನು ಎರಡು ದಿನ ಮುಚ್ಚಿಟ್ಟಿದ್ದರು. ಹೇಳಿದರೆ ಕೆಳಗೆ ಕಳಿಸುತ್ತಾರಲ್ಲ. ಮೂರನೆಯ ದಿನ ಬುದ್ಧಿಯೇ ಮಂಕಾಗಿ ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡು, ಸರಿಯಾಗೇ ಇದೆ ಎಂದು ಗೈಡ್ ಜೊತೆ ಜಗಳಕ್ಕಿಳಿದಿದ್ದರಂತೆ. ಘಾಟಿಗೆ ಇನ್ನು ನಾಲ್ಕೇ ಕಿಲೋಮೀಟರ್. ಅಲ್ಲಿಂದಲೇ ಆಕ್ಸಿಜನ್ ಹಾಕಿ ಇಳಿಸಿದರು. ತಡವಾಗಿದ್ದರೆ ಜೀವಕ್ಕೇ ಕುತ್ತಿತ್ತು.

“ಈ ಸಲ ನೋವು ಬಂದ್ರೆ ಹೇಳ್ತೀರಾ?”

“ಹೇಳ್ತೀನಿ ಅಂತ ಈಗ ಹೇಳ್ತೀನಿ. ಘಾಟಿ ಕಣ್ಣಿಗೆ ಬಿದ್ಮೇಲೆ ಸುಳ್ಳೇ ಹೇಳೋದು ನಾನು. ಅದಕ್ಕೇ ನಿನ್ನಿಂದ ಒಂದು ಉಪಕಾರ ಆಗ್ಬೇಕು.” ನನ್ನ ಫೋನ್ ಇಸಿದುಕೊಂಡು ಗೈಡ್ ನಂಬರನ್ನು ತಾವೇ ಹಾಕಿದರು. “ದಿನಾ ಸಂಜೆ ತಂಗೋ ಮನೆಯಿಂದ ಫೋನ್ ಮಾಡ್ತೀನಿ. ಹುಷಾರಾಗಿದ್ದೀನಿ ಅಂದ್ರೆ ನಂಬಬೇಡ. ಬೆಳಿಗ್ಗೆ ಹಾಜರಿ ಕೂಗ್ತೀನಲ್ಲ, ನಮ್ಮ ತೋಟದ ಇಪ್ಪತ್ತೆರಡು ಹೆಸರು, ಮಾರಿಯಿಂದ ವಸಂತನವರೆಗೂ ನನ್ನ ಬಾಯಲ್ಲಿ ಸಾಲಾಗಿ ಹೇಳಿಸು. ತಾಳೆ ನೋಡೋಕೆ ಪಟ್ಟಿ ಫೋಟೊ ಕಳಿಸ್ತೀನಿ. ಒಂದು ತಪ್ಪಿದ್ರೂ ನನ್ನ ಕೇಳ್ಬೇಡ, ಗೈಡಿಗೆ ಹೇಳಿ ಇಳಿಸ್ಬಿಡು. ನಾನು ಬೈತೀನಿ. ಬೈಸ್ಕೋ.”